ಹನ್ನೊಂದು ತಾಸಿನ ಸಿಂಗಪುರ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲುಗಾಡಿ ಹಾವೇರಿಯನ್ನು ದಾಟಿ, ಬ್ಯಾಡಗಿಯಲ್ಲಿ ಎರಡು ನಿಮಿಷ ನಿಂತು, ರಾಣೆಬೆನ್ನೂರಿನತ್ತ ಸಾಗುತ್ತದೆ. ಸುಗ್ಗಿಯ ದಿನವಾಗಿದ್ದು ಗಾಳಿಯೂ ಅನುಕೂಲವಾಗಿದ್ದರೆ, ಮೆಣಸಿನಕಾಯಿಯ ಘಾಟು ಕಿಟಕಿಯೊಳಗೆ ಬಂದು ಪ್ರಯಾಣಿಕರನ್ನು ಮಾತನಾಡಿಸುತ್ತದೆ. ಒಬ್ಬನು ಸೀನುತ್ತಾನೆ. ಇನ್ನೊಬ್ಬನು ಕರವಸ್ತ್ರವನ್ನು ಮೂಗಿಗೊತ್ತಿ “ಬ್ಯಾಡಗಿ ಬಂತು” ಎನ್ನುತ್ತಾನೆ. ಅಷ್ಟರಲ್ಲಿ ಗಾಡಿ ಹೊರಡುತ್ತದೆ. ಮುಂದೆ ಆಯುಷ್ಯವಿಡೀ “ಬ್ಯಾಡಗಿಯೇ? ನಾನು ನೋಡಿದ್ದೇನಲ್ಲ!” ಎಂದು ಹೇಳಿಕೊಳ್ಳುವುದಕ್ಕೆ ಅವನಿಗೆ ಆ ಎರಡು ನಿಮಿಷವೇ ಸಾಕು.

ಈ ಮಾತನ್ನು ಕೇಳಿದಾಗಲೆಲ್ಲ ರಾಣೆಬೆನ್ನೂರಿನ ಒಬ್ಬ ನಿವೃತ್ತ ಕನ್ನಡ ಮಾಸ್ತರರಿಗೆ ಸಿಟ್ಟು ಬರುತ್ತಿತ್ತು. ಅವರು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ತಂದೆಯವರು ಮೆಣಸಿನಕಾಯಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಕೈಹಿಡಿದವಳು ಹಾವೇರಿಯ ಮಗಳು. ಮೂವತ್ತೈದು ವರ್ಷ ಮಕ್ಕಳಿಗೆ ತತ್ಸಮ, ತದ್ಭವಗಳನ್ನು ಕಲಿಸಿ, ಸಾಲ ತೀರಿಸಿ, ಮನೆ ಕಟ್ಟಿಕೊಂಡದ್ದು ರಾಣೆಬೆನ್ನೂರಿನಲ್ಲಿ. ಹೀಗೆ ರೈಲುದಾರಿಯ ಮೂರು ನಿಲ್ದಾಣಗಳೇ ಅವರ ಸಂಸಾರದ ಮೂರು ಅಧ್ಯಾಯಗಳಾಗಿದ್ದವು. ಒಂದು ಊರನ್ನು ನೋಡಿದೆನೆಂದು ಹೇಳಬೇಕಾದರೆ ಅಲ್ಲಿ ಒಂದು ಮಳೆಗಾಲವನ್ನಾದರೂ ಕಳೆದಿರಬೇಕು, ಒಂದು ಮದುವೆಗೂ ಒಂದು ಮಣ್ಣಿಗೂ ಹೋಗಿ ಬಂದಿರಬೇಕು ಎಂಬುದು ಅವರ ಕಟ್ಟಳೆ.

ಇಂಥ ಮಾಸ್ತರರಿಗೇ ಅರವತ್ತೆಂಟನೆಯ ವಯಸ್ಸಿನಲ್ಲಿ ಕಿಟಕಿಯ ಪಕ್ಕದ ಪ್ರಯಾಣಿಕನಾಗುವ ಪ್ರಸಂಗ ಬಂದಿತು. ಒಬ್ಬನೇ ಮಗ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿದ್ದಾನೆ. ಅವನು ಕಳಿಸಿದ ಟಿಕೆಟ್ಟಿನಲ್ಲಿ ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಮೆಲ್ಬರ್ನ್ ಎಂದಿತ್ತು. ನಡುವೆ ಸಿಂಗಪುರದಲ್ಲಿ ಹನ್ನೊಂದು ತಾಸು ಕಾಯಬೇಕು.

“ಅಷ್ಟು ಹೊತ್ತು ನಿಲ್ದಾಣದಲ್ಲಿ ಕುಳಿತು ಏನು ಮಾಡುವಿರಿ? ಊರು ನೋಡಿ ಬನ್ನಿ,” ಎಂದು ಮಗನೇ ಸೂಚಿಸಿದ್ದನು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸಿಂಗಪುರವನ್ನು ಹೊಗಲು ವೀಸಾ ಬೇಕು. ಆದರೆ ಆಸ್ಟ್ರೇಲಿಯ, ಅಮೆರಿಕ, ಬ್ರಿಟನ್ ಮೊದಲಾದ ಕೆಲವು ದೇಶಗಳ ವೀಸಾ ಕೈಯಲ್ಲಿದ್ದು, ಆ ದಾರಿಯಲ್ಲಿಯೇ ಹೋಗುತ್ತಿರುವವರಿಗೆ 96 ತಾಸುಗಳವರೆಗೆ ವೀಸಾ ಇಲ್ಲದೆ ಒಳಗೆ ಬಿಡುವ ಸೌಲಭ್ಯವುಂಟು. ಬಂದಿಳಿಯುವ ಮುನ್ನಿನ ಮೂರು ದಿನಗಳೊಳಗೆ ಕಂಪ್ಯೂಟರಿನಲ್ಲಿ ಒಂದು ಚೀಟಿಯನ್ನು ತುಂಬಿದರಾಯಿತು, ಅದಕ್ಕೆ ಹಣವಿಲ್ಲ. ಮಗನು ಅದೆಲ್ಲವನ್ನೂ ಅಲ್ಲಿಂದಲೇ ಮುಗಿಸಿದನು.

ಅವನು ಇನ್ನೆರಡು ಮಾತುಗಳನ್ನೂ ಹೇಳಿದ್ದನು. ಮೊದಲನೆಯದು ತಾಯಿಗೆ: “ಅವ್ವಾ, ಮೆಣಸಿನಕಾಯಿ, ಬೀಜ, ಕಾಳು ಏನನ್ನೂ ಕಟ್ಟಿಕೊಂಡು ಬರಬೇಡ. ಇಲ್ಲಿ ಇಳಿಯುವಾಗ ಎಲ್ಲವನ್ನೂ ಬರೆದು ತಿಳಿಸಬೇಕು, ಬಹಳ ಬಿಗಿ.” ಎರಡನೆಯದು ತಂದೆಗೆ: “ಅಪ್ಪಾ, ಬರುವಾಗ ಮನೆಯ ಕಾಗದಪತ್ರಗಳ ಪ್ರತಿಗಳನ್ನು ತನ್ನಿರಿ. ಕುಳಿತು ಮಾತನಾಡೋಣ.”

ಎರಡನೆಯ ಮಾತಿನ ಅರ್ಥ ಇಬ್ಬರಿಗೂ ತಿಳಿದಿತ್ತು. ಹಿಂದಿನ ವರ್ಷ ಮಾಸ್ತರರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಓಣಿಯ ಹುಡುಗರು ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಮಗನು ಬಂದು ತಲುಪುವುದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನಗಳನ್ನು ಅವನು ಇನ್ನೂ ಮರೆತಿರಲಿಲ್ಲ. ರಾಣೆಬೆನ್ನೂರಿನ ಮನೆಯನ್ನು ಮಾರಿ, ತಂದೆತಾಯಿಗಳನ್ನು ಕಾಯಮ್ಮಾಗಿ ತನ್ನಲ್ಲಿ ಇರಿಸಿಕೊಳ್ಳಬೇಕೆಂಬುದು ಅವನ ಇಚ್ಛೆ. ಅದು ದುರಾಸೆಯಲ್ಲ, ಭಯದಲ್ಲಿ ಹುಟ್ಟಿದ ಪ್ರೀತಿ. ಆದುದರಿಂದಲೇ ಅದಕ್ಕೆ ಉತ್ತರ ಕೊಡುವುದು ಕಷ್ಟವಾಗಿತ್ತು. ಕಾಗದಗಳ ಪ್ರತಿಗಳು ಮಾಸ್ತರರ ಹೆಗಲ ಬಟ್ಟೆಯ ಚೀಲದೊಳಗೆ ಕುಳಿತು ವಿಮಾನವನ್ನು ಏರಿದವು. ಆ ಕುರಿತು ಗಂಡಹೆಂಡಿರು ಒಬ್ಬರನ್ನೊಬ್ಬರು ಏನನ್ನೂ ಕೇಳಿರಲಿಲ್ಲ.

ಚಾಂಗಿ ವಿಮಾನನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಗಡಿಯಾರಗಳಲ್ಲಿ ಬೆಳಗಿನ ಆರು ಗಂಟೆ. ಮಾಸ್ತರರ ಕೈಯ ಹಳೆಯ ಎಚ್‌ಎಂಟಿ ಮಾತ್ರ ಮೂರೂವರೆ ಎಂದಿತು. ಸಿಂಗಪುರದ ವೇಳೆ ಎರಡೂವರೆ ತಾಸು ಮುಂದೆ. ಪತ್ನಿಯು ಮುಳ್ಳು ತಿರುಗಿಸಲು ಹೇಳಿದಳು. “ಹನ್ನೊಂದು ತಾಸಿನ ಸಲುವಾಗಿ ಗಡಿಯಾರಾನ ಯಾಕ ತ್ರಾಸಿಗೆ ಹಚ್ಚಬೇಕು? ಮನಸ್ಸಿನಾಗ ಕೂಡಿಸ್ಕೊಂಡ್ರ ಆತು,” ಎಂದರು ಮಾಸ್ತರರು.

ಹೀಗೆ ನಡುವೆ ತಂಗುವ ಪ್ರಯಾಣಿಕರಿಗೆ ಐದೂವರೆ ತಾಸಾದರೂ ಬಿಡುವಿದ್ದರೆ, ನಿಲ್ದಾಣದವರೇ ಬಸ್ಸಿನಲ್ಲಿ ಕೂರಿಸಿ ಪುಕ್ಕಟೆಯಾಗಿ ಊರು ತೋರಿಸುವ ಏರ್ಪಾಡುಂಟು. ಮಾಸ್ತರರಿಗೆ ಅದು ಸೇರಲಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಂಪೆ ತೋರಿಸಿದವರಿಗೆ ತಾವೇ ಸಾಲಿನಲ್ಲಿ ನಿಲ್ಲುವುದು ಹೇಗೆ ಸೇರೀತು? ಅವರು ಮಗನು ಬರೆದುಕೊಟ್ಟ ಚೀಟಿಯನ್ನು ಹಿಡಿದು ರೈಲಿನತ್ತ ನಡೆದರು.

ಅದು ನೆಲದೊಳಗೂ ನೆಲದ ಮೇಲೂ ಓಡುವ ನಗರದ ರೈಲು. ಮೊದಲು ಓಡಿದ್ದು 1987ರಲ್ಲಿ. ಎಕ್ಸ್‌ಪೋ ಎಂಬಲ್ಲಿ ಇಳಿದು ಇನ್ನೊಂದು ಗಾಡಿಯನ್ನು ಹಿಡಿದರೆ ಅದು ನೇರವಾಗಿ ಲಿಟಲ್ ಇಂಡಿಯಾ ಎಂಬ ಪೇಟೆಗೆ ಒಯ್ಯುತ್ತದೆ. ಗಾಡಿಯೊಳಗೆ ತಿನ್ನಬಾರದು, ಕುಡಿಯಬಾರದು, ಮುರಿದವರಿಗೆ 500 ಡಾಲರುಗಳವರೆಗೆ ದಂಡ ಎಂಬ ಬರಹವನ್ನು ಓದಿ ಮಾಸ್ತರರು ಬಾಯಿಯನ್ನು ಭದ್ರವಾಗಿ ಮುಚ್ಚಿಕೊಂಡರು. ಒಂದು ಡಾಲರಿಗೆ ಅರವತ್ತಕ್ಕೂ ಮಿಕ್ಕಿ ರೂಪಾಯಿ! ಅವರ ದವಡೆಯಲ್ಲಿ ಊರಿನಿಂದ ತಂದ ಅಡಿಕೆಯ ಹೋಳೊಂದು ಇತ್ತು. ಉಗುಳುವಂತಿಲ್ಲ, ಅಗಿಯುವಂತಿಲ್ಲ. ಇಡೀ ದಾರಿ ಅವರು ಮೌನವ್ರತದ ಮುನಿಗಳಂತೆ ಕುಳಿತಿದ್ದುದನ್ನು ಕಂಡು, ಎದುರಿನ ಚೀನೀ ಅಜ್ಜಿಯೊಬ್ಬಳು ಗೌರವದಿಂದ ತಲೆ ಬಾಗಿಸಿದಳು.

ನಿಲ್ದಾಣದಿಂದ ಮೇಲೆ ಬಂದರೆ ಎದುರಿನಲ್ಲಿಯೇ ಟೆಕ್ಕಾ ಮಾರುಕಟ್ಟೆ. ಒಂದು ಬದಿಗೆ ತರಕಾರಿ, ಮೀನು, ಮಾಂಸ. ಇನ್ನೊಂದು ಬದಿಗೆ ಸಾಲುಸಾಲಾಗಿ ತಿಂಡಿಯ ಚಿಕ್ಕ ಅಂಗಡಿಗಳು. ಸಿಂಗಪುರದವರು ಇಂಥ ಕಟ್ಟೆಗಳಲ್ಲಿ ಎಲ್ಲ ಜಾತಿಯವರೊಡನೆ ಕುಳಿತು ಅಗ್ಗವಾಗಿ ಉಣ್ಣುವುದನ್ನು ತಮ್ಮ ಸಂಸ್ಕೃತಿಯೆಂದೇ ಎಣಿಸುತ್ತಾರೆ. ಯುನೆಸ್ಕೋ ಸಂಸ್ಥೆಯೂ 2020ರಲ್ಲಿ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ದೋಸೆಗೆ ‘ತೋಸೆ’ ಎಂದು ಹೆಸರು, ಗಟ್ಟಿ ಸಿಹಿಹಾಲು ಬೆರೆಸಿದ ಕಾಫಿಗೆ ‘ಕೋಪಿ’ ಎಂದು. “ಹೆಸರಿನಾಗ ಕೋಪ ಐತಿ, ಕುಡದ್ರ ಬರೇ ಸಕ್ರಿ,” ಎಂದು ಆಕೆ ನಕ್ಕಳು.

ಹೊರಗೆ ಹೂವಿನ ಅಂಗಡಿ. ಮಲ್ಲಿಗೆ, ಚೆಂಡುಹೂವು, ಗುಲಾಬಿಗಳ ಮಾಲೆಗಳು ತೋರಣದಂತೆ ತೂಗುತ್ತಿದ್ದವು. ತಮಿಳು ಮುದುಕಿಯೊಬ್ಬಳು ಮಾಲೆಯನ್ನೆತ್ತಿ “ಪೂ, ಪೂ” ಎಂದು ಕರೆದಳು. ಮಾಸ್ತರರು ಅಲ್ಲಿಯೇ ನಿಂತುಬಿಟ್ಟರು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಪೂ ಹೂವಾಯಿತು, ಪಾಲ್ ಹಾಲಾಯಿತು ಎಂದು ಅವರು ಮೂವತ್ತೈದು ವರ್ಷ ಕರಿಯ ಹಲಗೆಯ ಮೇಲೆ ಬರೆದಿದ್ದರು. ಆ ಅಕ್ಷರಕ್ಕೆ ಜೀವವಿರುವುದನ್ನು ಕಿವಿಯಾರೆ ಕೇಳಲು ಸಮುದ್ರವನ್ನು ದಾಟಬೇಕಾಯಿತು. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಹಲಗೆಗಳ ಮೇಲೆ ಇಂಗ್ಲಿಷು, ಚೀನೀ, ಮಲಾಯಿಗಳ ಜೊತೆಗೆ ಅದಕ್ಕೂ ಸ್ಥಾನವಿದೆ. ಸಿಂಗಪುರವೆಂಬ ಹೆಸರಾದರೂ ಏನು? ಸಿಂಹಪುರ. “ಸಿಂಹ ತತ್ಸಮ, ಸಿಂಗ ತದ್ಭವ,” ಎಂದು ಮಾಸ್ತರರು ಹೂವಿನವಳಿಗೆ ವಿವರಿಸತೊಡಗಿದರು. ಆಕೆಗೆ ಏನು ತಿಳಿಯಿತೋ, ಇನ್ನೊಂದು ಮಾಲೆಯನ್ನು ಕಟ್ಟಿಕೊಟ್ಟಳು.

ಆ ಹೂವನ್ನು ಹಿಡಿದು ದಂಪತಿಗಳು ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಗೆ ಹೋದರು. 1881ರಲ್ಲಿ ಕಟ್ಟಿದ ಗುಡಿ. ಗೋಪುರದ ತುಂಬ ಬಣ್ಣಬಣ್ಣದ ದೇವತೆಗಳು. ಹಾವೇರಿಯವಳಿಗೆ ಗುಡಿಯೆಂದರೆ ಸಿದ್ಧೇಶ್ವರನದು: ಚಾಲುಕ್ಯರ ಕಾಲದ ಬಣ್ಣವಿಲ್ಲದ ಕಲ್ಲು, ಪಡುವಣಕ್ಕೆ ಮುಖ ಮಾಡಿ ನಿಂತ ದೇವರು. “ಇಷ್ಟು ಬಣ್ಣ ಯಾಕ್ರೀ?” ಎಂದು ಕೇಳಿ, ತಾನೇ ಉತ್ತರ ಕಂಡುಕೊಂಡಳು: “ಊರು ಬಿಟ್ಟು ಬಂದವ್ರು ಕಟ್ಟಿಸ್ಯಾರ. ದೂರದಿಂದ ಕಾಣಬೇಕಲ್ಲ!” ಮಾಸ್ತರರಿಗೆ ಪಾಠ ಹೇಳಿಕೊಟ್ಟವರು ಆ ದಿನ ಇಬ್ಬರಾದರು.

ಹಿಂದಿರುಗುವಾಗ ಮಳೆ ಬಂದಿತು. ಆ ಊರು ಭೂಮಧ್ಯರೇಖೆಗೆ ಅಂಟಿಕೊಂಡಿರುವುದರಿಂದ ಅಲ್ಲಿ ಮಳೆಗೆ ಕಾಲದ ಹಂಗಿಲ್ಲ. ಆದರೆ ಹಳೆಯ ಅಂಗಡಿಗಳ ಮುಂದೆಲ್ಲ ಮೇಲ್ಮಾಡು ಚಾಚಿದ ಜಗಲಿಯ ದಾರಿಯೊಂದು ಉದ್ದಕ್ಕೂ ಹೋಗುತ್ತದೆ. ಐದಡಿ ಅಗಲದ ಇಂಥ ದಾರಿಯನ್ನು ಪ್ರತಿಯೊಂದು ಕಟ್ಟಡವೂ ಬಿಡಬೇಕೆಂದು 1822ರಲ್ಲಿ ರಾಫಲ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಕಟ್ಟು ಮಾಡಿದ್ದನು. ಕೆಳಗೆ ಅಂಗಡಿ, ಮೇಲೆ ಮನೆ. ಬಿಸಿಲಿಗೂ ಮಳೆಗೂ ದಾರಿಹೋಕನಿಗೆ ನೆರಳು.

ಆ ಜಗಲಿಯ ಮೇಲೆ ನಡೆಯುತ್ತಿರುವಾಗ ಮಾಸ್ತರರು ಇದ್ದಕ್ಕಿದ್ದಂತೆ ಸೀನಿದರು. ಬೆನ್ನಲ್ಲೇ ಆಕೆಯೂ ಸೀನಿದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ಅಂಗಡಿಯ ಒಳಗೆ ಯಂತ್ರವೊಂದು ಮಸಾಲೆಯನ್ನು ಬೀಸುತ್ತಿತ್ತು. ಬಾಗಿಲಲ್ಲಿ ಗೋಣಿಚೀಲದ ತುಂಬ ಒಣಮೆಣಸಿನಕಾಯಿ. ಮಾಸ್ತರರು ಒಂದನ್ನು ಎತ್ತಿಕೊಂಡರು. ಕಡುಕೆಂಪು, ಸುಕ್ಕುಗಟ್ಟಿದ ಮೈ, ಮುರಿದರೆ ಬೆರಳಿಗೆ ಬಣ್ಣ ಹತ್ತಿತು, ಖಾರ ಮೂಗನ್ನು ಮೆಲ್ಲಗೆ ತಟ್ಟಿತು.

“ಇದು ಕಡ್ಡಿ,” ಎಂದರು ಮಾಸ್ತರರು. ಉದ್ದನೆಯದು ಕಡ್ಡಿ, ದಪ್ಪಗೆ ಗಿಡ್ಡನೆಯದು ಡಬ್ಬಿ. ಬ್ಯಾಡಗಿಯ ಕೂಸಿಗೂ ಈ ಭೇದ ತಿಳಿದಿರುತ್ತದೆ. ಆದರೆ ಚೀಲಕ್ಕೆ ಚುಚ್ಚಿದ ಚೀಟಿಯ ಮೇಲೆ ‘ಕಾಶ್ಮೀರಿ’ ಎಂದು ಬರೆದಿತ್ತು.

ಮಾಸ್ತರರು ಅಂಗಡಿಯವನಿಗೆ ತಿಳಿಯ ಹೇಳಿದರು: ಇದು ಕಾಶ್ಮೀರದ್ದಲ್ಲ, ಕರ್ನಾಟಕದ ಬ್ಯಾಡಗಿಯದು, 2011ರಲ್ಲಿ ಭಾರತ ಸರಕಾರವೇ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಕೊಟ್ಟಿದೆ, ಸೋಮವಾರ, ಗುರುವಾರಗಳ ಪೇಟೆಯ ದಿನ ಬಂದು ನೋಡಿದರೆ ಕಣ್ಣು ಹಾಯಿಸಿದಷ್ಟು ದೂರವೂ ಕೆಂಪೇ. ಅಂಗಡಿಯವನು ಸೌಜನ್ಯದಿಂದ ಎಲ್ಲವನ್ನೂ ಕೇಳಿ, “ಇರಬಹುದು, ಐಯಾ. ಆದರೆ ಗಿರಾಕಿ ಕೇಳುವುದು ಕಾಶ್ಮೀರಿ ಎಂದು,” ಎಂದನು.

ಮಾಸ್ತರರ ಮುಖ ಸಣ್ಣದಾಯಿತು. ತಂದೆಯವರು ಜೀವನವಿಡೀ ಲೆಕ್ಕ ಬರೆದ ಸರಕಿಗೆ ಇಲ್ಲಿ ಅದರ ಊರಿನ ಹೆಸರೇ ಇಲ್ಲ! ಆದರೆ ಬಿಡದೆ ಯೋಚಿಸುವುದು ಅವರ ಸ್ವಭಾವ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವರಿಗೆ ಇನ್ನೊಂದು ನೆನಪಾಯಿತು. ಬ್ಯಾಡಗಿಯ ಪೇಟೆಗೆ ಬರುವ ಮೆಣಸಿನಕಾಯಿಯೆಲ್ಲ ಬ್ಯಾಡಗಿಯ ಹೊಲದ್ದೇ? ಬಳ್ಳಾರಿ, ರಾಯಚೂರು, ಕೊಪ್ಪಳಗಳಿಂದಲೂ ಆಂಧ್ರದ ಕರ್ನೂಲಿನಿಂದಲೂ ಲಾರಿಗಟ್ಟಲೆ ಬರುತ್ತದೆ. ಹೆಂಡತಿಯ ತವರಿಗೆ ‘ಏಲಕ್ಕಿ ಕಂಪಿನ ನಾಡು’ ಎಂದು ಬಿರುದು. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದನ್ನು ಪೋಣಿಸಿ, ಗಣ್ಯರ ಕೊರಳಿಗೆ ಹಾಕುವಂಥ ಮಾಲೆ ಮಾಡುವ ಕೈ ಮಾತ್ರ ಹಾವೇರಿಯದು. ಊರು ಹೆಸರಾಗುವುದು ತಾನು ಬೆಳೆದುದರಿಂದಲ್ಲ, ಬಂದುದನ್ನು ಬರಮಾಡಿಕೊಂಡುದರಿಂದ.

ಸಿಂಗಪುರವೂ ಅಂಥದೇ ಅಲ್ಲವೇ? ಭಾರತಕ್ಕೂ ಚೀನಕ್ಕೂ ನಡುವೆ ಹೋಗಿಬರುವ ಹಡಗುಗಳು ತಂಗುವುದಕ್ಕೆಂದು 1819ರಲ್ಲಿ ಇಂಗ್ಲಿಷರು ಇಲ್ಲಿ ಬಂದರಿಗೆ ಅಡಿಪಾಯ ಹಾಕಿದರು. ಇಂದಿಗೂ ಅದು ಬೆಳೆಯುವುದು ಅತ್ಯಲ್ಪ, ತರುವುದು, ಕಳಿಸುವುದು ಅಪಾರ. 1965ರ ಆಗಸ್ಟ್ 9ರಂದು ಮಲೇಷಿಯದಿಂದ ಬೇರೆಯಾಯಿತು. “ಹಾವೇರಿನೂ 1997ರಾಗ ಧಾರವಾಡದಿಂದ ಬ್ಯಾರೆ ಆಗಿಲ್ಲೇನು?” ಎಂದು ಆಕೆ ತವರಿನ ಪಕ್ಷವನ್ನು ಹಿಡಿದಳು. ಇಡೀ ದೇಶದ ವಿಸ್ತಾರ ಹಾವೇರಿ ಜಿಲ್ಲೆಯ ಆರರಲ್ಲೊಂದು ಪಾಲೂ ಇಲ್ಲ. ಜನ ಮಾತ್ರ ಸುಮಾರು ಅರವತ್ತು ಲಕ್ಷ.

ಮಳೆ ನಿಂತಿತು. ಮಗನ ಚೀಟಿಯಲ್ಲಿ ಉಳಿದಿದ್ದುದು ಒಂದೇ. ಅವರು ಮತ್ತೆ ರೈಲನ್ನು ಹತ್ತಿ, ಕೊಲ್ಲಿಯ ದಡದಲ್ಲಿರುವ ಮೆರ್‌ಲಯನ್ ಪ್ರತಿಮೆಯನ್ನು ನೋಡಲು ಹೋದರು. ಸಿಂಹದ ತಲೆ, ಮೀನಿನ ಮೈ, ಬಾಯಿಂದ ನೀರಿನ ಧಾರೆ. 1972ರಲ್ಲಿ ನಿಲ್ಲಿಸಿದ 8.6 ಮೀಟರ್ ಎತ್ತರದ ವಿಗ್ರಹ. ಎದುರಿಗೆ ಮುಗಿಲಿಗೆ ಮುಟ್ಟುವ ಕಟ್ಟಡಗಳು. ಬಂದವರೆಲ್ಲ ಬೆನ್ನು ತಿರುಗಿಸಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಆ ಜನರನ್ನು ನೋಡಿದರು. ಇವರೆಲ್ಲರೂ ಊರಿಗೆ ಹೋಗಿ “ಸಿಂಗಪುರವೇ? ನೋಡಿದ್ದೇವಲ್ಲ!” ಎನ್ನುವವರು. ಅಂದು ಮಾತ್ರ ಅವರಿಗೆ ಸಿಟ್ಟು ಬರಲಿಲ್ಲ.

ಆಗ ಆಕೆ, ಬಹಳ ಹೊತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದಳು.

“ಏನ್ರೀ, ಮುಂಜಾನಿಂದ ನಿಮಗ ಕಾಲು ನೋಯಲಿಲ್ಲೇನು?”

“ಇಲ್ಲ. ಯಾಕ?”

“ಸಂಜೀಕ ಹೋಗೂದೈತಿ ಅಂತ ಗೊತ್ತಿತ್ತಲ್ಲ, ಅದಕ್ಕ. ಇಲ್ಲೇ ಇರಬೇಕು ಅಂದಿದ್ರ ಹೂವಿನ ಅಂಗಡಿ ಮುಂದ ಅಷ್ಟೊತ್ತು ನಿಂದರತಿದ್ರೇನು? ಮನಿ ಹುಡುಕೋ ಚಿಂತಿ ಬರತಿತ್ತು.” ಸ್ವಲ್ಪ ಹೊತ್ತು ನೀರಿನ ಕಡೆ ನೋಡಿ ಮುಂದುವರಿಸಿದಳು: “ಮಗನ ಊರಾಗೂ ಹಿಂಗ ಇರೋಣ್ರಿ. ಮೂರು ತಿಂಗಳು, ಸಂತೋಷದಿಂದ. ಆಮ್ಯಾಲೆ ಹೊಳ್ಳಿ ಹೋಗೋಣ. ಆ ಕಾಗದ ಚೀಲದಾಗ ಇರಲಿ, ತಗೀಬ್ಯಾಡ್ರಿ.”

ಮಾಸ್ತರರು ಕೂಡಲೇ ಒಪ್ಪಲಿಲ್ಲ. ಮಗನ ಪಕ್ಷವನ್ನು ಅವರೇ ಹಿಡಿದು ವಾದಿಸಿದರು. “ಮತ್ತ ಬಿದ್ರ?”

“ಬಿದ್ದಾಗ ಎತ್ತಿದವ್ರು ಯಾರು? ಓಣಿಯವ್ರು. ಅವನ ಊರಾಗ ಮುಂಜಾನಿಂದ ಸಂಜೀತನಕ ಅವರಿಬ್ಬರೂ ಕೆಲಸಕ್ಕ ಹೋಗಿರತಾರ. ಅಲ್ಲಿ ಬಿದ್ರ ಯಾರು ಎತ್ತತಾರ?”

ಇದಕ್ಕೆ ಮಾಸ್ತರರಲ್ಲಿ ಉತ್ತರವಿರಲಿಲ್ಲ. ಮಗನಿಗೆ ನೋವಾಗುವುದೆಂಬುದಕ್ಕೆ ಆಕೆಯಲ್ಲಿಯೂ ಉತ್ತರವಿರಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ರಾತ್ರಿ ಮಲಗಲು ಓಣಿಯ ಒಬ್ಬ ವಿದ್ಯಾರ್ಥಿಗೆ ಹೊರಗಿನ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಡುವುದು, ದಿನಕ್ಕೆರಡು ಸಲ ಮಗನಿಗೆ ಫೋನು ಮಾಡುವುದು, ಇಷ್ಟನ್ನು ಅವನಿಗೆ ಹೇಳಬೇಕೆಂದು ನಿಶ್ಚಯವಾಯಿತು. ಭಯದಿಂದ ಕೇಳಿದವನಿಗೆ ಬರೇ ‘ಒಲ್ಲೆವು’ ಎನ್ನುವುದು ಸಾಲದು. ಭಯಕ್ಕೆ ಏನಾದರೂ ಮದ್ದು ಕೊಡಬೇಕು. ಸಿಂಹವು ಮೀನಿನ ಮೈಯೊಡನೆ ಹೊಂದಿಕೊಂಡು ನಿಂತಿರುವಾಗ, ಇಬ್ಬರೂ ಅರ್ಧರ್ಧ ಹೊಂದಿಕೊಂಡರೆ ಕೆಲಸ ನಡೆದೀತು ಎಂದು ಮಾಸ್ತರರಿಗೆ ಅನಿಸಿತು.

ಮೂರು ಗಂಟೆಗೆ ಅವರು ಚಾಂಗಿಗೆ ಮರಳಿದರು. ಒಳಗಿನ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಗಳ ತುಂಬ ತುಟಿಬಣ್ಣಗಳ ಸಾಲು. ಮಾಸ್ತರರು ಒಂದರ ಮುಂದೆ ನಿಂತು, ಹೆಂಡತಿಗೆ ಮೆಲ್ಲಗೆ ಹೇಳಿದರು: ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಬಣ್ಣದ ಎಣ್ಣೆಯು ಆಹಾರಕ್ಕಷ್ಟೇ ಅಲ್ಲ, ತುಟಿಬಣ್ಣಕ್ಕೂ ಉಗುರುಬಣ್ಣಕ್ಕೂ ಹೋಗುತ್ತದೆ. ಈ ಕೆಂಪಿನಲ್ಲಿ ಎಷ್ಟು ಬ್ಯಾಡಗಿಯದೋ ಯಾರು ಬಲ್ಲರು! ತೊಟ್ಟು ಬಿಡಿಸುತ್ತ ದಿನವಿಡೀ ಸೀನುವ ಹೆಣ್ಣುಮಕ್ಕಳ ಹೆಸರಂತೂ ಯಾವ ಡಬ್ಬಿಯ ಮೇಲೂ ಇರುವುದಿಲ್ಲ. ಆಕೆ ಗಾಜಿನ ಮೇಲೆ ಬೆರಳಿಟ್ಟು, “ಹೆಸರು ಇರಲಿಲ್ಲಂದ್ರ ಏನಾತು, ಬಣ್ಣ ಹೋಗೂದಿಲ್ಲ,” ಎಂದಳು.

ವಿಮಾನವನ್ನು ಏರುವ ಮುನ್ನ ಮಗನ ಫೋನು ಬಂದಿತು. “ಅಪ್ಪಾ, ಸಿಂಗಪುರ ನೋಡಿದಿರೇನು?”

ಮಾಸ್ತರರು ಕೈಗಡಿಯಾರವನ್ನು ನೋಡಿದರು. ರಾಣೆಬೆನ್ನೂರಿನಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ಓಣಿಯಲ್ಲಿ ಎಲ್ಲರೂ ಉಂಡು ಮಲಗಿರುವ ಹೊತ್ತು.

“ನೋಡೀವಿ ಅಂತ ಹೆಂಗ ಹೇಳಲೋ? ಸೀನಿ ಬಂದೀವಿ,” ಎಂದರು.